ಬಾರದ ಗುದ್ದು

ಕೀತ್ ಟೊಮೇಟೊ ತಂದಿಟ್ಟು ಹೋಗಿದ್ದ. ಜಗಲಿಯ ಮೆಟ್ಟಿಲ ಮೇಲೆ, ಕಾಗದದ ಚೀಲದಲ್ಲಿ, ಒಂದಕ್ಕೊಂದು ಒತ್ತಿ ಜಜ್ಜಿಹೋಗದ ಹಾಗೆ ನಡುನಡುವೆ ಹಳೇ ಪೇಪರು ತುರುಕಿ ಜೋಪಾನವಾಗಿ ಇಟ್ಟುಹೋಗಿದ್ದ. ಕಾಫಿ ಹಿಡಿದು ಹೊರಗೆ ಬಂದ ವರ್ಲಿನ್ ಮೇಬ್, ಒಳಗೆ ಹಾವು ಮಲಗಿದೆಯೇನೋ ಎಂಬಂತೆ ಬೂಟಿನ ತುದಿಯಿಂದ ಚೀಲದ ಬಾಯಿ ಅಗಲಿಸಿ ನೋಡಿದ. ಟೊಮೇಟೊಗಳೇ. ಮುಷ್ಟಿಗಿಂತ ದಪ್ಪ, ತೊಟ್ಟಿನ ಹತ್ತಿರ ಇನ್ನೂ ಇಬ್ಬನಿ. ಈ ಕಣಿವೆಯಲ್ಲಿ ಇಂಥವು ಬಿಡುವುದು ಪ್ರಿಲಮನ್ ಮನೆಯವರ ಹಿತ್ತಿಲಲ್ಲಿ ಮಾತ್ರ. ಆ ಹಿತ್ತಿಲಿಗೆ ಈಗ ನೀರು ಹಾಕುವವನು ಹಾಯ್ಟ್ ಪ್ರಿಲಮನ್‌ನ ಮಗ ಕೀತ್. ಆ ಕೀತ್‌ನನ್ನು ವರ್ಲಿನ್ ಕಳೆದ ತಿಂಗಳು ರೇಸಿನಲ್ಲಿ ಗೋಡೆಗೆ ಬಡಿಸಿದ್ದ. ಗೋಡೆಗೆ ಬಡಿಸಿಕೊಂಡವನು ಟೊಮೇಟೊ ತಂದುಕೊಟ್ಟರೆ ಅದಕ್ಕೇನರ್ಥ ಎಂದು ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಕಾಫಿ ಆರಿತು. ಅರ್ಥ ಹೊಳೆಯಲಿಲ್ಲ.

ಒಳಗೆ ಹೆಂಡತಿ ಓಪಲ್ ಒಂದನ್ನು ದಪ್ಪದಪ್ಪ ಹೋಳು ಮಾಡಿ, ಬಿಳಿ ಬ್ರೆಡ್ಡಿಗೆ ಮಯೊನೇಸ್ ಬಳಿದು, ಉಪ್ಪು ಮೆಣಸು ಉದುರಿಸಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಬಾಗಿ ನಿಂತೇ ತಿನ್ನುತ್ತಿದ್ದಳು. ರಸ ಮೊಣಕೈವರೆಗೆ ಇಳಿಯುತ್ತಿತ್ತು.

"ತಿಂದು ನೋಡು, ಎಷ್ಟು ಚೆನ್ನಾಗಿದೆ."

"ನಂಗೆ ಬೇಡ."

"ಯಾಕೆ, ವಿಷ ಹಾಕಿದಾನಾ ಹುಡುಗ?"

"ಹಾಕಿದ್ರೆ ಚೆನ್ನಾಗಿತ್ತು," ಎಂದ ವರ್ಲಿನ್.

ಓಪಲ್ ಅವನನ್ನು ಒಂದು ಸಲ ನೋಡಿ, ಮತ್ತೆ ಬ್ರೆಡ್ಡಿಗೆ ಬಾಯಿ ಹಾಕಿದಳು. ಅವಳ ಗಂಡ ಬದುಕಿಡೀ ರೇಸಿನ ಕಾರು ಓಡಿಸಿಯೇ ಹೊಟ್ಟೆ ಹೊರೆದವನು. ಶನಿವಾರ ಬೆಳಿಗ್ಗೆ ಅವನು ಆಡುವ ಮಾತಿಗೆ ಅರ್ಥ ಹುಡುಕುವುದನ್ನು ಅವಳು ಮದುವೆಯಾದ ವರ್ಷವೇ ಬಿಟ್ಟಿದ್ದಳು.

ಆದದ್ದು ಇಷ್ಟು. ಹಾಗ್‌ಬ್ಯಾಕ್ ಮೈದಾನದಲ್ಲಿ, ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಕೀತ್‌ನ ನೀಲಿ ಕಾರು ಮುಂದೆ ಇತ್ತು, ವರ್ಲಿನ್‌ನ ಮಣ್ಣುಗೆಂಪು ಕಾರು ಅದರ ಬೆನ್ನಿಗೆ. ಹಾಗ್‌ಬ್ಯಾಕ್ ಎಂದರೆ ಏನು, ಗುಡ್ಡದ ಮಡಿಲಲ್ಲಿ ಬೋಗುಣಿ ಇಟ್ಟ ಹಾಗೆ ಒಂದು ಚಿಕ್ಕ ಡಾಂಬರಿನ ಸುತ್ತು. ಅಲ್ಲಿ ಪಕ್ಕದಿಂದ ದಾಟಿಹೋಗಲು ಜಾಗ ಸಿಗುವುದೇ ಕಷ್ಟ, ಜಾಗ ಬೇಕಾದವನು ಮಾಡಿಕೊಳ್ಳಬೇಕು. ವರ್ಲಿನ್ ತನ್ನ ಕಾರಿನ ಮೂತಿಯನ್ನು ಕೀತ್‌ನ ಹಿಂದಿನ ಬಂಪರಿಗೆ ತಾಗಿಸಿದ. ಬಾಗಿಲು ತಟ್ಟಿದಷ್ಟೇ. ನೀಲಿ ಕಾರಿನ ಹಿಂಭಾಗ ಮೇಲಕ್ಕೆ ಜಾರಿತು, ಇಡೀ ಕಾರು ತಿರುಗಿತು, ಹೊಗೆ, ಗೋಡೆ, ಸದ್ದು. ವರ್ಲಿನ್ ಒಳಬದಿಯಿಂದ ನುಗ್ಗಿ ಗೆದ್ದ. ಎಷ್ಟೋ ವರ್ಷಕ್ಕೆ ಬಂದ ಗೆಲುವು. ಬಾವುಟ ಹಿಡಿದು ಸುತ್ತು ಹಾಕುವಾಗ, ಕೀತ್‌ನ ಹೆಲ್ಮೆಟ್ಟು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಒಲೆದದ್ದು ಕಣ್ಣಿಗೆ ಕಟ್ಟಿಕೊಂಡೇ ಇತ್ತು. ಬೇಕೆಂದೇ ಗುದ್ದಿದೆನಾ? ಬ್ರೇಕು ಹಿಡಿಯಲಿಲ್ಲ ಎಂದು ಎಲ್ಲರಿಗೂ ಹೇಳಿದ. ಬ್ರೇಕು ನೆಟ್ಟಗೇ ಇತ್ತು. ಹಿಡಿಯದೇ ಹೋದದ್ದು ಕಾಲು. ಕಾಲು ಪೆಡಲಿನಿಂದ ಮೇಲೇಳಬೇಕಾದ ಜಾಗ ಬಂತು, ಹೋಯಿತು, ಕಾಲು ಅಲ್ಲೇ ಇತ್ತು. ಯಾರದೋ ಕಾಲು ನೋಡಿದ ಹಾಗೆ ಅವನು ತನ್ನ ಕಾಲನ್ನು ನೋಡಿದ್ದ.

ಇದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಇದು ನಡೆದುಬಂದ ರೀತಿ. ಗುದ್ದಿ ಗೆದ್ದವನನ್ನು ಯಾರೂ ಬೈಯುವುದಿಲ್ಲ, ಆದರೆ ಗುದ್ದಿಸಿಕೊಂಡವನಿಗೆ ಒಂದು ಗುದ್ದು ಬಾಕಿ. ಮುಂದಿನ ಶನಿವಾರವೋ ಅದರ ಮುಂದಿನ ಶನಿವಾರವೋ ಅವನು ಬಂದು ಅದನ್ನು ತೀರಿಸುತ್ತಾನೆ, ಆಮೇಲೆ ಇಬ್ಬರೂ ಒಂದೇ ಗಾಡಿಯ ಮುಂದೆ ನಿಂತು, ಕೋಸಿನ ಪಲ್ಯ ಹಾಕಿದ ಹಾಟ್‌ಡಾಗ್ ತಿನ್ನುತ್ತಾರೆ. ಯಾವ ನಿಯಮದ ಪುಸ್ತಕದಲ್ಲೂ ಇದು ಇಲ್ಲ. ಕೈ ವಿಷಯವೂ ಹಾಗೆಯೇ: ತಿಳಿಯದೆ ತಾಗಿದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಎತ್ತಬೇಕು, ತಪ್ಪಾಯ್ತು ಅಂತ, ತಿಳಿದೇ ಗುದ್ದಿದವನು ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಹೋಗುತ್ತಿರಬೇಕು. ವರ್ಲಿನ್ ಅಂದು ಕೈ ಎತ್ತಿರಲಿಲ್ಲ. ಎತ್ತಲು ಹೋಗಿ ನಿಲ್ಲಿಸಿದ್ದ. ಎತ್ತಿದ್ದರೆ ಸುಳ್ಳಾಗುತ್ತಿತ್ತು.

ಆ ಮುಂದಿನ ಶನಿವಾರ ವರ್ಲಿನ್ ಗುದ್ದಿಗೆ ಸಿದ್ಧನಾಗಿ ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿಕೊಂಡು, ಬೆನ್ನಿನ ಹಿಂದೆ ಇನ್ನೊಂದು ದಿಂಬು ಸೇರಿಸಿಕೊಂಡು ಹೋದ. ಕೀತ್ ಅವನ ಹಿಂದೆ ಬಂದ. ಕನ್ನಡಿಯಲ್ಲಿ ನೀಲಿ ಬಣ್ಣ ದೊಡ್ಡದಾಯಿತು, ವರ್ಲಿನ್ ಹಲ್ಲು ಕಚ್ಚಿದ. ನೀಲಿ ಪಕ್ಕಕ್ಕೆ ಸರಿದು, ಮದುವೆಮನೆಯಲ್ಲಿ ಹಿರಿಯರನ್ನು ಬಳಸಿ ಹೋಗುವವರ ಹಾಗೆ ಸುತ್ತುಹಾಕಿ ಮುಂದೆ ಹೋಯಿತು. ಕಿಟಕಿಯಿಂದ ಕೈಯೊಂದು ಹೊರಗೆ ಬಂದು ಎದ್ದಿತು. ಥ್ಯಾಂಕ್ಸ್ ಅಂತ. ರೇಸು ಮುಗಿದ ಮೇಲೆ ಕೀತ್ ಟೋಪಿ ತೆಗೆದು ಬಂದು, "ಚೆನ್ನಾಗಿ ಓಡಿಸಿದ್ರಿ ಸಾರ್," ಎಂದ. ಸಾರ್. ಹೋದ ವರ್ಷದವರೆಗೆ ಇದೇ ಬಾಯಿ ಅವನನ್ನು ಮುದಿಗೂಬೆ ಎಂದು ಕರೆಯುತ್ತಿತ್ತು, ಕೇಳಲು ಎಷ್ಟು ಹಿತವಾಗಿತ್ತು. ಅದರ ಮುಂದಿನ ಶನಿವಾರವೂ ಹೀಗೇ. ಅದರ ಮುಂದಿನದೂ. ಪಟ್ಟಿ ಕಟ್ಟಿಕೊಂಡು ಕಟ್ಟಿಕೊಂಡು ಕುತ್ತಿಗೆ ಬೆವರುಸಾಲೆ ಬಂದು ಕೆಂಪಾಯಿತು. ಈಗ ಟೊಮೇಟೊ.

ಹಾಯ್ಟ್ ಇದ್ದಿದ್ದರೆ, ಎಂದುಕೊಂಡ ವರ್ಲಿನ್. ಹಾಯ್ಟ್ ಇದ್ದಾನೆ, ಸತ್ತಿಲ್ಲ. ಮೊಣಕಾಲು ಸತ್ತಿದೆ, ಅಷ್ಟೇ. ಆದರೆ ಸ್ಟಿಯರಿಂಗ್ ಹಿಂದಿನ ಹಾಯ್ಟ್ ಬೇರೆ. ಆ ಹಾಯ್ಟ್ ಬಾಕಿಯನ್ನು ಬೆಳಗಾಗಲು ಬಿಡುತ್ತಿರಲಿಲ್ಲ. ಒಂದು ಸಲ ವರ್ಲಿನ್‌ನ ಗುದ್ದಿಗೆ ಅವನ ಕಾರು ಎರಡು ತುಂಡಾದಂತಾಗಿ, ಗುದ್ದಲು ಅವನ ಹತ್ತಿರ ಕಾರೇ ಇರಲಿಲ್ಲ. ಕೆಟ್ಟ ಕಾರು ಎಳೆಯುವ ಲಾರಿ ಪಕ್ಕದಲ್ಲಿ ನಿಂತಿತ್ತು. ಅದನ್ನೇ ಹತ್ತಿ, ನಿಧಾನವಾಗಿ, ಹಿಂದಕ್ಕೂ ಮುಂದಕ್ಕೂ ಸರಿಮಾಡಿಕೊಂಡು ಬಂದು, ನಿಲ್ಲಿಸಿದ್ದ ವರ್ಲಿನ್‌ನ ಕಾರನ್ನು ತಳ್ಳುತ್ತಾ ತಳ್ಳುತ್ತಾ ತೊರೆಗೆ ಇಳಿಸಿಬಿಟ್ಟ. ಆಮೇಲೆ ಅದೇ ಲಾರಿಯ ಕೊಕ್ಕೆ ಹಾಕಿ ತಾನೇ ಮೇಲೆತ್ತಿಕೊಟ್ಟ. ಸೀಟಿನಲ್ಲಿ ಒಂದು ಆಮೆ ಕೂತಿತ್ತು. ಇಬ್ಬರೂ ನಕ್ಕು ನಕ್ಕು ದಡದ ಮೇಲೆ ಮಲಗಿಬಿಟ್ಟಿದ್ದರು. ಈಗ ಜಗಲಿಯ ಮೇಲೆ ಕೂತ ವರ್ಲಿನ್‌ಗೆ ಆ ಆಮೆಯ ಮುಖ ಚೆನ್ನಾಗಿ ನೆನಪಿತ್ತು, ಅದು ತನ್ನನ್ನು ನೋಡಿದ ರೀತಿ, ಇದು ನಿನ್ನ ಜಾಗವಾ, ನಂದು ಅಂದ್ಕೊಂಡೆ, ಎನ್ನುವ ಹಾಗೆ.

ಮಧ್ಯಾಹ್ನ ಕೊಟ್ಟಿಗೆಯಲ್ಲಿ ಡಾಯ್ಲ್ ಕಾರಿನ ಕೆಳಗೆ ಮಲಗಿದ್ದ. ಡಾಯ್ಲ್ ಓಪಲ್‌ಳ ತಮ್ಮ. ವರ್ಲಿನ್‌ನ ಮೆಕ್ಯಾನಿಕ್ಕು, ರೇಡಿಯೋದಲ್ಲಿ ಕಿವಿಯೊಳಗೆ ಮಾತಾಡುವವನು, ಬಾಕಿ ಸಮಯದಲ್ಲಿ ಕಿವಿಯ ಹೊರಗೂ ಮಾತಾಡುವವನು.

"ಭಾವ, ಇವತ್ತೂ ಕುತ್ತಿಗೆಗೆ ಪಟ್ಟಿ ಕಟ್ಟಿದೀಯಾ? ನೆಗಡಿನಾ?"

"ಇವತ್ತು ಗುದ್ದುತಾನೆ."

"ಹೋದ ವಾರನೂ ಹಂಗೇ ಅಂದೆ. ಅದರ ಹಿಂದಿನ ವಾರನೂ ಅಂದೆ. ಭಾವ, ನೆಂಟರು ಬರ್ತಾರೆ ಅಂತ ಬಾಗಿಲಲ್ಲಿ ಕಾಯೋ ಮುದುಕಿ ಥರ ಆಗಿದೀಯ ನೀನು."

"ಟೊಮೇಟೊ ಕಳಿಸಿದಾನೆ."

ಕಾರಿನ ಕೆಳಗೆ ಸ್ಪ್ಯಾನರ್ ಒಂದು ಸುತ್ತು ತಿರುಗಿತು. ಆಮೇಲೆ ಡಾಯ್ಲ್, "ನಂಗೆ ಯಾರೂ ಏನೂ ಕಳಿಸಲ್ಲಪ್ಪ," ಎಂದ.

ಡಾಯ್ಲ್‌ನ ಹೊಟ್ಟೆಯ ಮೇಲೆ ಸಿಪ್ಪೆ ಸಮೇತ ಕಡಲೆಕಾಯಿ. ಕಾರಿನ ಹತ್ತಿರ ಕಡಲೆಕಾಯಿ ಸುಲಿಯಬಾರದು, ಅದು ಅಪಶಕುನ, ಹಾಲು ಕುಡಿಯುವ ಮಗುವಿಗೂ ಗೊತ್ತು. ವರ್ಲಿನ್ ಬಾಯಿ ತೆರೆದು ಬೈಯಲು ಹೋದವನು ಸುಮ್ಮನಾದ. ಸುಲಿಯಲಿ. ಅಪಶಕುನವಾದರೂ ಬರಲಿ. ಡಾಯ್ಲ್ ಹೀಗೇ ಏನನ್ನೋ ತಿನ್ನುತ್ತಿದ್ದಾಗಲೇ ಅಲ್ಲವೆ ಫ್ಲಾರಿಡಾದ ಆ ದೊಡ್ಡ ಮೈದಾನದಲ್ಲಿ, ವರ್ಲಿನ್ ಭಾನುವಾರದ ದೊಡ್ಡ ರೇಸುಗಳಲ್ಲಿ ಓಡಿಸುತ್ತಿದ್ದ ಕಾಲದಲ್ಲಿ, ಉಳಿದವರೆಲ್ಲ ಪೆಟ್ರೋಲಿಗೆಂದು ರಸ್ತೆ ಬಿಟ್ಟು ಒಳಗೆ ಹೋದದ್ದನ್ನು ಇವನಿಗೆ ಹೇಳಲು ಮರೆತದ್ದು. ಕಣ್ಣು ಹಾಯಿಸಿದಷ್ಟು ದೂರ ಬರೀ ರಸ್ತೆ. ಮುಂದೆ ಒಂದು ಕಾರೂ ಇಲ್ಲ. ಎಲ್ಲರೂ ಎಲ್ಲಿ ಹೋದರು, ಯುದ್ಧ ಏನಾದರೂ ಶುರುವಾಯಿತಾ ಎಂದುಕೊಂಡ. ಆಮೇಲೆ ಹೊಳೆಯಿತು, ತಾನು ಮೊದಲನೆಯವನು ಎಂದು. ಅಷ್ಟು ಜನ ಎದ್ದು ನಿಂತು ನೋಡುತ್ತಿದ್ದಾರೆ, ಟಿವಿಯಲ್ಲಿ ಓಪಲ್‌ಳ ತಾಯಿ ನೋಡುತ್ತಿದ್ದಾಳೆ. ಎರಡು ಸುತ್ತು. ಎರಡನೆಯದರ ಕೊನೆಗೆ ಪೆಟ್ರೋಲು ಮುಗಿದು, ಇಂಜಿನ್ನು ಕೆಮ್ಮಿ, ನಿಶ್ಶಬ್ದವಾಗಿ, ದೋಣಿಯ ಹಾಗೆ ತೇಲಿಕೊಂಡು ಬಂದು ಹುಲ್ಲಿನ ಮೇಲೆ ನಿಂತ. ಅತ್ತೆ ಆಮೇಲೆ ಕೇಳಿದ್ದು ಒಂದೇ: "ಅಲ್ಲಪ್ಪ, ನೀನು ಮುಂದೆ ಇದ್ದೆಯೋ, ಎಲ್ಲರಿಗಿಂತ ಹಿಂದೆ ಇದ್ದೆಯೋ? ನಮಗೆ ತಿಳೀಲಿಲ್ಲ." ಸುತ್ತುವ ರಸ್ತೆಯಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ ಎಂದು ಅವನಿಗೂ ಅಂದೇ ಮೊದಲು ತೋಚಿದ್ದು. ಕೊನೆಯವನ ಹಿಂದೆಯೂ ಒಬ್ಬ ಬರುತ್ತಿರುತ್ತಾನೆ, ಅವನು ಮೊದಲನೆಯವನು. ಆ ದೊಡ್ಡ ರೇಸಿನವರೂ ಅವನನ್ನು ಗುದ್ದಿದ್ದರು. ಗೆದ್ದು ಗೆದ್ದು ಬೇಸರ ಬಂದಂಥವರು. ಎಷ್ಟು ಸಲ ಸೋತ, ಎಷ್ಟು ಮೂಳೆ ಮುರಿದುಕೊಂಡ, ಕಾರು ಕೊಟ್ಟ ಕೋಳಿ ಮೇವಿನ ಅಂಗಡಿಯವನು ಕೈಬಿಟ್ಟ ಮೇಲೆ ಮತ್ತೆ ಹಾಗ್‌ಬ್ಯಾಕಿಗೆ ಬಂದ, ಅದೆಲ್ಲ ಸರಿ. ಆದರೆ ಯಾರೂ ಅವನನ್ನು ಬಳಸಿಕೊಂಡು ಹೋಗಿರಲಿಲ್ಲ. ಗುದ್ದುತ್ತಾರೆಂದರೆ ಅವನು ಯಾರದೋ ದಾರಿಗೆ ಅಡ್ಡ ಇದ್ದಾನೆ ಎಂದು ತಾನೆ.

ಮೈದಾನದಲ್ಲಿ ಹೆಸರು ಹಾಕಿಸಲು ಮಿಸ್ ರೀಬಾಳ ಕೋಣೆಗೆ ಹೋದ. ಮೈದಾನ ಅವಳದು, ಟಿಕೆಟ್ ಹರಿಯುವವಳೂ ಮೈಕಿನಲ್ಲಿ ಕೂಗುವವಳೂ ಅವಳೇ. ಅವಳು ಒಳಗೆ ಇರಲಿಲ್ಲ. ಮೂಲೆಯಲ್ಲಿ ಹಾಸಿಗೆಯ ದುಪ್ಪಟಿ ಹೊದ್ದ ಏನೋ ಒಂದು ನಿಂತಿತ್ತು. ವರ್ಲಿನ್ ನಡೆದು ಬಂದ ರಭಸಕ್ಕೆ ನೆಲದ ಹಲಗೆ ಅಲುಗಿ, ದುಪ್ಪಟಿಯೊಳಗಿನದು ಮುಂದಕ್ಕೆ ತೂಗಿತು, ಹಿಂದಕ್ಕೆ ತೂಗಿತು. ಹೌದು ಹೌದು ಎಂದು ತಲೆಯಾಡಿಸಿದ ಹಾಗೆ. ಅಂಚು ಎತ್ತಿ ನೋಡಿದ. ತೂಗುಕುರ್ಚಿ. ಓಕ್ ಮರದ್ದು, ಹೊಸ ಮೆರುಗೆಣ್ಣೆಯ ವಾಸನೆ. ಬೆನ್ನಿನ ಹಲಗೆಯ ಮೇಲೆ ಒಂದು ಕಾರು ಕೆತ್ತಿತ್ತು, ಅದರ ಕೆಳಗೆ ಅವನ ಹೆಸರು. ಅಕ್ಷರ ತುಂಬ ಚೆನ್ನಾಗಿದ್ದವು. ಸತ್ತವರ ಕಲ್ಲಿನ ಮೇಲೆ ಹಾಗೆ ಕೆತ್ತುತ್ತಾರೆ.

ಅವನು ದುಪ್ಪಟಿಯನ್ನು ಮೊದಲಿದ್ದ ಹಾಗೇ ಇಳಿಬಿಟ್ಟು, ಕುರ್ಚಿ ತೂಗುವುದು ನಿಲ್ಲುವವರೆಗೆ ಕೈಯಿಂದ ಹಿಡಿದು ನಿಂತ. ಕಳ್ಳನ ಹಾಗೆ. ಈಗ ಎಲ್ಲಾ ಒಂದಕ್ಕೊಂದು ಸೇರಿತು. ಹಾಟ್‌ಡಾಗ್ ಗಾಡಿಯವನು ಸಾಲಿನಲ್ಲಿ ಅವನನ್ನು ಮುಂದೆ ಬಿಟ್ಟದ್ದು. ಬಾವುಟದವನು ಬೆನ್ನು ತಟ್ಟುವ ಬದಲು ಬೆನ್ನು ಸವರಿದ್ದು. ಈ ಋತುವಿನ ಕೊನೆಯ ಶನಿವಾರ ಬೀಳ್ಕೊಡುಗೆಯಾಗಿ ಕುರ್ಚಿ ಕೊಡುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಅವನು ಅದರ ಮೇಲೆ ಕೂರಬೇಕು, ಒಂದು ಸಲ ತೂಗಿ ತೋರಿಸಬೇಕು. ರೇಸು ಬಿಡುತ್ತೇನೆ ಅಂತ ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಕುರ್ಚಿಗೆ ಹೇಳಿ ಮಾಡಿಸಿದ್ದರು.

ಹಾಯ್ಟ್ ಎಂದಿನಂತೆ ಮೂರನೆಯ ತಿರುವಿನ ಬೇಲಿಯ ಹತ್ತಿರ ಮಡಚುವ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದ. ವರ್ಲಿನ್ ಬೇಲಿಯ ಇನ್ನೊಂದು ಕಡೆ ಬಂದು ನಿಂತ. ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಹೆಣ್ಣು ಕೇಳಲು ಬಂದವನ ಹಾಗೆ ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಟೊಮೇಟೊ ಚೆನ್ನಾಗಿದ್ವು," ಎಂದ.

"ತಿಂದ್ಯಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

"ಓಪಲ್ ಹೇಳಿದಳು. ಹಾಯ್ಟ್, ಒಂದು ಮಾತು. ನಿನ್ನ ಮಗನಿಗೆ ನೀನೇನಾದ್ರೂ ಹೇಳಿದೀಯಾ?"

"ಎಷ್ಟೋ ಹೇಳಿದೀನಿ. ಒಂದೂ ಕೇಳಿಲ್ಲ. ಯಾವ ವಿಷಯ?"

"ನನ್ನ ಗುದ್ದಬೇಡ ಅಂತ."

ಹಾಯ್ಟ್ ಐಸಿನ ಚೀಲವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಸರಿಸಿದ. ಅವನ ಮೀಸೆ ಅಲುಗಲು ಶುರುವಾಯಿತು. "ಅಂದ್ರೆ, ನೀನು ಈಗ ಬಂದಿರೋದು, ನನ್ನ ಮಗ ನಿನ್ನ ಗುದ್ದುತಾ ಇಲ್ಲ ಅಂತ ದೂರು ಹೇಳೋಕೆ."

"ದೂರಲ್ಲ."

"ಮತ್ತೇನೋ? ಅರ್ಜಿನಾ?"

"ನೀನಾಗಿದ್ರೆ ಅವತ್ತೇ ಗುದ್ದುತಿದ್ದೆ."

"ನಾನಾಗಿದ್ರೆ ತೊರೆಗೇ ಹಾಕ್ತಿದ್ದೆ, ಆಮೆ ಕಾಯ್ತಾ ಇದೆ ಇನ್ನೂ." ಹಾಯ್ಟ್ ನಕ್ಕ, ಕೆಮ್ಮಿದ, ಕಣ್ಣೊರೆಸಿಕೊಂಡ. ಆಮೇಲೆ ಮೈದಾನದ ಕಡೆ ನೋಡುತ್ತಾ ಹೇಳಿದ: "ನಾನೇನೂ ಹೇಳಿಲ್ಲ ಕಣೋ. ಅವನಿಗೆ ಅವನದೇ ತಲೆ. ಆ ದಿನ ಗೋಡೆಗೆ ಬಡಿದಾಗ ನಾನು ಇಲ್ಲೇ ಕೂತಿದ್ದೆ, ನೋಡ್ದೆ. ನನ್ನ ಎದೆ ಬಾಯಿಗೆ ಬಂತು, ಅದು ಬೇರೆ. ಆದ್ರೆ ನೀನು ಕೈ ಎತ್ತಲಿಲ್ಲವಲ್ಲ, ಅದಕ್ಕೆ ಸಮಾಧಾನ ಆಯ್ತು. ಎತ್ತಿದ್ದಿದ್ರೆ ನಿನ್ನ ಮುಖ ನೋಡ್ತಿರಲಿಲ್ಲ."

ವರ್ಲಿನ್‌ಗೆ ಬೇಲಿಯ ತಂತಿ ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡ. ಅದನ್ನು ಯಾರೋ ಒಬ್ಬರು ಹೇಳಲಿ ಎಂದು ತಾನು ಕಾಯುತ್ತಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಆದರೂ ಸಾಕಾಗಲಿಲ್ಲ. ಅಪ್ಪ ಹೇಳಿದರೆ ಬಾಕಿ ತೀರುವುದಿಲ್ಲ.

ರೇಸಿನ ಹೊತ್ತಿಗೆ ಕಾರಿನ ಕಿಟಕಿಯಿಂದ ಒಳಗೆ ತೂರಿಕೊಂಡ. ಈ ಕಾರುಗಳಿಗೆ ಬಾಗಿಲು ಇರುವುದಿಲ್ಲ, ಬೆಸುಗೆ ಹಾಕಿಬಿಟ್ಟಿರುತ್ತಾರೆ. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಒಂದು ಬೈಗುಳ, ಆಮೇಲೆ ತಲೆ. ಹಿಂದೆ ಇಲ್ಲದಿದ್ದದ್ದು ಆ ಬೈಗುಳ ಒಂದೇ. ಕಬ್ಬಿಣದ ಕೊಳವೆಗಳ ಪಂಜರದೊಳಗೆ ಕೂತು ಸೀಟಿನ ಪಟ್ಟಿ ಬಿಗಿದುಕೊಂಡ ಮೇಲೆ ಮಾತ್ರ ಅವನಿಗೆ ವಯಸ್ಸು ಇರುತ್ತಿರಲಿಲ್ಲ. ಇಂದು ಕಾರೂ ತನ್ನನ್ನು ಮೆಲ್ಲಗೆ ತೂಗುತ್ತಿದೆ ಎನಿಸಿತು, ಮುಂದಕ್ಕೆ, ಹಿಂದಕ್ಕೆ. ಹಸಿರು ಬಾವುಟ ಬಿತ್ತು. ಸದ್ದು ಎದೆಯೊಳಗೆ ಬಂದು ಕೂತಿತು, ಉಳಿದದ್ದಕ್ಕೆ ಜಾಗವಿಲ್ಲವಾಯಿತು. ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ. ಬದುಕಿಡೀ ಎಡಕ್ಕೆ ತಿರುಗಿ ತಿರುಗಿ ಅವನ ಎಡ ಬೂಟು ಮೊದಲು ಸವೆಯುತ್ತಿತ್ತು. ಮದುವೆಯ ದಿನ ಓಪಲ್‌ಳ ತಂದೆಯ ಕಾರನ್ನು ಕೇಳದೆ ತಂದು ಮೊದಲ ರೇಸು ಓಡಿಸಿ, ಅದರ ಬಲಗಡೆಯನ್ನೆಲ್ಲ ಗೋಡೆಗೆ ಉಜ್ಜಿ, ಚರ್ಚಿನ ಮುಂದೆ ಎಡಗಡೆ ಕಾಣುವ ಹಾಗೆ ನಿಲ್ಲಿಸಿದ್ದ. ಮಾವ ಸಂಜೆಯವರೆಗೆ ಆ ಕಾರಿನ ಬಲಗಡೆಗೆ ಹೋಗಲಿಲ್ಲ. ಒಳ್ಳೆಯ ಮನುಷ್ಯ. ಈಗ ಮುಂದಿದ್ದ ಕಾರೊಂದು ಟೈರು ಒಡೆದು ಪಕ್ಕಕ್ಕೆ ಹೋಯಿತು, ಇನ್ನೊಂದರ ಇಂಜಿನ್ನು ಹೊಗೆ ಕಾರಿತು. ನೋಡುತ್ತಾನೆ, ಎದುರಿಗೆ ಯಾರೂ ಇಲ್ಲ.

"ಭಾವ," ಎಂದಿತು ಕಿವಿಯೊಳಗೆ ಡಾಯ್ಲ್‌ನ ದನಿ, ಏನೋ ಅಗಿಯುತ್ತಾ, "ನೀನೇ ಮೊದಲು. ಈ ಸಲ ಪೆಟ್ರೋಲು ಇದೆ. ಹಿಂದೆ ಕೀತ್ ಬರ್ತಾ ಇದಾನೆ."

ಬಂದ. ಕನ್ನಡಿಯಲ್ಲಿ ಒಂದು ಚುಕ್ಕಿ ನೀಲಿ, ಆಮೇಲೆ ಅಂಗೈಯಷ್ಟು, ಆಮೇಲೆ ಕನ್ನಡಿ ತುಂಬ. ವರ್ಲಿನ್‌ನ ಒಳಗೆ ಬಹಳ ದಿನದಿಂದ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಈಗ. ಎರಡು ಸುತ್ತು ಉಳಿದಿದೆ, ಮೊದಲನೆಯ ಜಾಗ, ಇಷ್ಟು ಹತ್ತಿರ. ಇನ್ನು ಗುದ್ದದೆ ಇರಲು ಅವನೇನು ಪಾದ್ರಿಯಾ? ಮೂರನೆಯ ತಿರುವು ಬಂತು. ನೀಲಿ ಮೂತಿ ಬಂಪರಿನ ಕೆಳಗೆ ಮರೆಯಾಯಿತು, ಅಷ್ಟು ಹತ್ತಿರ. ಗುದ್ದು ಬಿದ್ದಾಗ ಏನು ಮಾಡಬೇಕೆಂದು ಕೈಗೆ ಗೊತ್ತು: ಹಿಂಭಾಗ ಜಾರುವ ಕಡೆಗೇ ಸ್ಟಿಯರಿಂಗ್ ತಿರುಗಿಸಿ, ಕಾಲು ಎತ್ತಿ, ಕಾರನ್ನು ಹಿಡಿದುಕೊಳ್ಳಬೇಕು. ಒಂದು ಚಿಟಿಕೆಯಷ್ಟು ಮುಂಚೆಯೇ ಮಾಡಿದರೆ ಉಳಿದುಕೊಳ್ಳಬಹುದು. ವರ್ಲಿನ್ ಉಳಿದುಕೊಳ್ಳಲು ಸಿದ್ಧನಾದ. ಹಲ್ಲು ಕಚ್ಚಿ, ಕುತ್ತಿಗೆ ಬಿಗಿದು, ಕಾಲು ಎತ್ತಿ, ಸ್ಟಿಯರಿಂಗ್ ತಿರುಗಿಸಿದ.

ಗುದ್ದು ಬೀಳಲಿಲ್ಲ.

ಬೀಳದ ಗುದ್ದಿಗೆ ತಿರುಗಿಸಿದ ಕಾರು, ಅವನು ಹೇಳಿದ್ದನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿತು. ಮೊದಲು ಬಲಕ್ಕೆ ನೆಗೆಯಿತು, ಆಮೇಲೆ ಎಡಕ್ಕೆ ಎಳೆದ ಅವನ ಕೈಗೆ ಸಿಕ್ಕಿ ಗಿರ್ರನೆ ತಿರುಗಿತು. ಆಕಾಶ, ಬೇಲಿ, ಹಾಯ್ಟ್‌ನ ತೆರೆದ ಬಾಯಿ, ಮತ್ತೆ ಬೇಲಿ, ಮತ್ತೆ ಹಾಯ್ಟ್. ಮೈದಾನದ ಒಳಗಿನ ಹುಲ್ಲಿನಲ್ಲಿ ಜೋಡಿಸಿಟ್ಟ ಟ್ರ್ಯಾಕ್ಟರ್ ಟೈರುಗಳೊಳಗೆ ಹಿಂದುಮುಂದಾಗಿ ಹೋಗಿ ಕೂತುಕೊಂಡಿತು, ತನ್ನ ಗೂಡಿಗೆ ಬಂದ ಹಾಗೆ. ಇಂಜಿನ್ನು ನಿಂತಿತು. ಜನ ಮೊದಲು ಉಸಿರು ಹಿಡಿದಿದ್ದರು. ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಬದುಕಿದ್ದೇನೆ ಎಂದು ಆಡಿಸಿದ ಮೇಲೆ, ಮೇಲಿನ ಸಾಲಿನಲ್ಲಿ ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಗುಡ್ಡವೇ ನಕ್ಕಿತು.

"ಭಾವ, ಯಾರು ಗುದ್ದಿದ್ದು?" ಎಂದ ಡಾಯ್ಲ್.

"ಕೀತ್."

"ಅವನು ಒಂದು ಕಾರಿನಷ್ಟು ಹಿಂದೆ ಇದ್ದ ಭಾವ. ಬ್ರೇಕು ಒತ್ತಿ ನಿಂಗೆ ಜಾಗ ಬಿಟ್ಟ."

ವರ್ಲಿನ್ ರೇಡಿಯೋದ ತಂತಿಯನ್ನು ಕಿತ್ತುಹಾಕಿದ. ಮೈಕಿನಲ್ಲಿ ಮಿಸ್ ರೀಬಾ, ನಮ್ಮ ಪ್ರೀತಿಯ ವರ್ಲಿನ್ ಮೇಬ್‌ಗೆ ಒಂದು ದೊಡ್ಡ ಚಪ್ಪಾಳೆ, ಎನ್ನುತ್ತಿದ್ದಳು. ಚಪ್ಪಾಳೆ ಬಿತ್ತು. ಎಷ್ಟು ಮೆತ್ತಗೆ, ಎಷ್ಟು ಬೆಚ್ಚಗೆ. ಅವನ ಕಾರನ್ನು ಟೈರಿನಿಂದ ಎಳೆಯಲು ಬಂದ ಲಾರಿಯವನೂ ಕೈ ತಟ್ಟುತ್ತಲೇ ಇಳಿದ.

ಕೀತ್ ಗೆದ್ದ. ಗೆದ್ದವನು ಬಾವುಟ, ಫೋಟೋ ಎಲ್ಲ ಮುಗಿಸಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಬಂದ. ವರ್ಲಿನ್ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತಿದ್ದ. ಕೀತ್‌ಗೆ ಅಪ್ಪನದೇ ಭುಜ, ಅಪ್ಪನದೇ ಕಿವಿ. ನಾಚಿಕೆ ಮಾತ್ರ ಯಾರಿಂದ ಬಂತೋ.

"ಪೆಟ್ಟಾಯ್ತಾ ಸಾರ್?"

"ಯಾಕೆ ಗುದ್ದಲಿಲ್ಲ?"

ಕೀತ್ ಟೋಪಿಯ ಒಳಗೆ ನೋಡಿದ, ಉತ್ತರ ಅಲ್ಲಿ ಇಟ್ಟಿದ್ದವನ ಹಾಗೆ. "ಗುದ್ದೋಣ ಅಂತಲೇ ಬಂದೆ ಸಾರ್. ಎಲ್ಲಾ ಸಲನೂ ಹಾಗೇ ಬರ್ತೀನಿ. ಹತ್ರ ಬಂದ ಮೇಲೆ ಕಾಲು ಎದ್ದುಬಿಡುತ್ತೆ."

"ಏಳೋಕೆ ಬಿಡ್ತೀಯಾ ಅದನ್ನ?"

"ಕೊನೇ ವರ್ಷದಲ್ಲಿ ವರ್ಲಿನ್ ಮೇಬ್‌ನ ಗುದ್ದಿ ಕೆಡವಿದವನು ಅನ್ನಿಸ್ಕೊಂಡು ನಾನು ಈ ಊರಲ್ಲಿ ಹೇಗೆ ಓಡಾಡಲಿ? ಹಾಟ್‌ಡಾಗ್ ಕೂಡ ಕೊಡಲ್ಲ ನಂಗೆ."

"ಕೊನೇ ವರ್ಷ ಅಂತ ಯಾರು ಹೇಳಿದ್ದು?"

ಕೀತ್‌ನ ಕಿವಿ ಕೆಂಪಾದವು. "ಯಾರೂ ಇಲ್ಲ," ಎಂದ. ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿ, "ಎಲ್ರೂ," ಎಂದ.

ವರ್ಲಿನ್ ಬಕೆಟ್ಟಿನಿಂದ ಎದ್ದ. ಏಳಲು ಮಂಡಿಯ ಮೇಲೆ ಕೈ ಊರಬೇಕಾಯಿತು, ಅದನ್ನು ಕೀತ್ ನೋಡಲಿಲ್ಲ, ನೋಡಲಿಲ್ಲ ಎಂದು ತೋರಿಸಿಕೊಳ್ಳಲು ಆಕಾಶ ನೋಡಿದ. ಆ ಒಂದು ಮರ್ಯಾದೆ ವರ್ಲಿನ್‌ಗೆ ಚುಚ್ಚಿತು. "ಆ ದಿನ ನಾನು ತಿಳಿದೇ ಗುದ್ದಿದ್ದು," ಎಂದ. "ಬ್ರೇಕು ಸರಿಯಾಗಿತ್ತು."

"ಗೊತ್ತು."

"ಮುಂದಿನ ವರ್ಷನೂ ಓಡಿಸ್ತೀನಿ. ಅದರ ಮುಂದಿನ ವರ್ಷನೂ. ಕಿಟಕಿಯೊಳಗೆ ತೂರೋಕೆ ಆಗೋವರೆಗೂ. ನೀನು ನನ್ನ ದಾರಿಗೆ ಬಂದ್ರೆ ಮತ್ತೆ ಗುದ್ದುತೀನಿ. ಕುರ್ಚಿನ ಮಿಸ್ ರೀಬಾ ಯಾರಿಗಾದ್ರೂ ಕೊಟ್ಕೊಳ್ಳಲಿ."

ಕೀತ್ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದ. ಕನ್ನಡಿಯಲ್ಲಿ ಅಲ್ಲದೆ ಹಾಗೆ ನೋಡಿ ಬಹಳ ದಿನವಾಗಿತ್ತು. ಟೋಪಿಯನ್ನು ತಲೆಗೆ ಹಾಕಿಕೊಂಡ.

"ಹಂಗಾದ್ರೆ ಅದು ಬೇರೆ ಮಾತು," ಎಂದು ಹೇಳಿ ಹೊರಟುಹೋದ. ಸಾರ್ ಎನ್ನಲಿಲ್ಲ.

ಮನೆಯಲ್ಲಿ ಓಪಲ್‌ಗೆ ಕುರ್ಚಿಯ ಸಂಗತಿ ಹೇಳಿದಾಗ ಅವಳು ಸೌಟು ಹಿಡಿದವಳು ಹಾಗೇ ತಿರುಗದೆ ನಿಂತಳು. ಆ ಬೆನ್ನು ನೋಡಿಯೇ ವರ್ಲಿನ್‌ಗೆ ತಿಳಿಯಿತು.

"ನಿಂಗೂ ಗೊತ್ತಿತ್ತು."

"ಓಕ್ ಬೇಕೋ ವಾಲ್‌ನಟ್ ಬೇಕೋ ಅಂತ ರೀಬಾ ಕೇಳಿದಳು. ಓಕ್ ಅಂದೆ. ಜಗಲಿಯಲ್ಲಿ ಜಾಗನೂ ಅಳತೆ ಮಾಡಿಟ್ಟೆ." ಸೌಟು ಕೆಳಗಿಟ್ಟು ಹೇಳಿದಳು: "ಗುಡ್ಡದ ಆ ಕಡೆಯಿಂದ ನಿಮ್ಮ ಕಾರುಗಳ ಸದ್ದು ಇಲ್ಲಿಗೆ ಕೇಳತ್ತೆ. ಒಂದು ಸದ್ದು ಕಡಿಮೆಯಾದ್ರೆ ಅದೂ ಕೇಳತ್ತೆ. ನಾನಿಲ್ಲಿ ನಿಂತು ಅದನ್ನೇ ಕೇಳ್ತಿರ್ತೀನಿ, ಯಾವುದು ನಿಂತಿತು ಅಂತ. ಇವತ್ತು ನಿಂತಿತು."

ಅವನು ಟೋಪಿಯನ್ನು ಮೇಜಿನ ಮೇಲಿಟ್ಟ. ಇಷ್ಟು ವರ್ಷ ಅವಳು ರೇಸಿಗೆ ಬರುವುದಿಲ್ಲ ಎಂದುಕೊಂಡಿದ್ದ. ಪ್ರತಿ ಶನಿವಾರ ಬರುತ್ತಿದ್ದಳು, ಈ ತೊಟ್ಟಿಯ ಮುಂದೆ ನಿಂತು.

ಮರುದಿನ ಚರ್ಚಿನ ಅಂಗಳದಲ್ಲಿ, ಪ್ರಾರ್ಥನೆಗೆ ಮುಂಚೆ, ಜಲ್ಲಿಯ ಇಳಿಜಾರಿನಲ್ಲಿ ವರ್ಲಿನ್‌ನ ಪಿಕಪ್ ನಿಂತಿತ್ತು. ಮುಂದೆ ಯಾರೋ ಮುದುಕಿ ತನ್ನ ಕಾರನ್ನು ಹಿಂದಕ್ಕೂ ಮುಂದಕ್ಕೂ ಮಾಡಿ ಜಾಗಕ್ಕೆ ಸೇರಿಸುತ್ತಿದ್ದಳು. ಓಪಲ್‌ಳ ತೊಡೆಯ ಮೇಲೆ ಬಾಳೆಹಣ್ಣಿನ ಪುಡಿಂಗ್ ತುಂಬಿದ ದೊಡ್ಡ ಬಟ್ಟಲು, ಪ್ರಾರ್ಥನೆಯ ನಂತರದ ಊಟಕ್ಕೆ. ವರ್ಲಿನ್ ಏನನ್ನೂ ಯೋಚಿಸುತ್ತಿರಲಿಲ್ಲ. ಕುತ್ತಿಗೆಗೆ ಪಟ್ಟಿ ಇರಲಿಲ್ಲ, ಟೈ ಇತ್ತು.

ದಡ್ ಎಂದಿತು.

ಜೋರೇನಲ್ಲ. ಬಾಗಿಲು ತಟ್ಟಿದಷ್ಟೇ. ಆದರೆ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು, ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ತನ್ನ ಜಾಗದಲ್ಲಿ ಕೂತ ಆ ಬಗೆ, ಹಲ್ಲಿನ ಬುಡದಲ್ಲಿ ಆ ತುಕ್ಕಿನ ರುಚಿ. ಪುಡಿಂಗ್ ಒಂದು ಅಲೆಯಾಗಿ ಎದ್ದು ಓಪಲ್‌ಳ ಭಾನುವಾರದ ನೀಲಿ ಲಂಗದ ಮೇಲೆ ಇಳಿಯಿತು. ವರ್ಲಿನ್ ಕನ್ನಡಿ ನೋಡಿದ. ಪ್ರಿಲಮನ್ ಮನೆಯ ಪಿಕಪ್ ಕನ್ನಡಿ ತುಂಬ ಇತ್ತು. ಒಂದು ಕಡೆ ಹಾಯ್ಟ್, ಟೈ ಕಟ್ಟಿಕೊಂಡು, ಚರ್ಚಿನ ಗೋಪುರದ ಮೇಲೆ ಯಾವುದೋ ಹಕ್ಕಿ ನೋಡುತ್ತಿದ್ದ. ಸ್ಟಿಯರಿಂಗ್ ಹಿಂದೆ ಕೀತ್. ವರ್ಲಿನ್ ಕಾದ. ಕಿಟಕಿಯಿಂದ ಕೈ ಬರುತ್ತದೋ ಎಂದು, ಉಸಿರು ಹಿಡಿದು ಕಾದ. ಬರಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇದ್ದವು.

"ಅಯ್ಯೋ ನನ್ನ ಬಟ್ಟೆ," ಎಂದಳು ಓಪಲ್. "ಇಳಿದು ಕೇಳು ಅವನ್ನ. ಏನು ನಗ್ತಾ ಕೂತಿದೀಯ?"

"ಕೇಳೋದೇನಿದೆ."

ಪಾದ್ರಿ ಮೆಟ್ಟಿಲಿಳಿದು ಕಿಟಕಿಯ ಹತ್ತಿರ ಬಂದು, "ಏನಾದ್ರೂ ತೊಂದರೆ ಆಯ್ತಾ?" ಎಂದು ಕೇಳಿದ.

"ಇಲ್ಲ ಪಾದ್ರಿಗಳೇ," ಎಂದ ವರ್ಲಿನ್. "ನಮ್ಮ ಹುಡುಗ."

ಓಪಲ್ ಕರವಸ್ತ್ರದಿಂದ ಲಂಗ ಒರೆಸುತ್ತಾ ಅವನ ಮುಖವನ್ನೂ ಹಿಂದಿನ ಗಾಜನ್ನೂ ಒಂದೊಂದು ಸಲ ನೋಡಿದಳು. ತಿಳಿಯಿತು. ಬೆರಳಿಗೆ ಅಂಟಿದ ಪುಡಿಂಗ್ ನೆಕ್ಕಿದಳು. "ಕುರ್ಚಿ ಮಾತ್ರ ನಾನು ವಾಪಸ್ ಕೊಡಲ್ಲ, ತಿಳ್ಕೋ," ಎಂದಳು. "ನಾನು ಕೂತ್ಕೋತೀನಿ ಅದರ ಮೇಲೆ. ಕೂತ್ಕೊಂಡು ಕೇಳ್ತೀನಿ."

ಒಳಗೆ ಎಲ್ಲರೂ ಎದ್ದು ನಿಂತು ಹಾಡಿದರು, ಕೂತರು. ಕೀತ್ ಮತ್ತು ಹಾಯ್ಟ್ ಎರಡು ಬೆಂಚು ಮುಂದೆ ಕೂತಿದ್ದರು. ಕೀತ್‌ನ ಕುತ್ತಿಗೆ ಹೊಸದಾಗಿ ಕ್ಷೌರ ಮಾಡಿಸಿ ಬೆಳ್ಳಗಿತ್ತು. ಪಾದ್ರಿ ಪ್ರಾರ್ಥನೆಗೆ ಕರೆದ. ವರ್ಲಿನ್ ಎಲ್ಲರ ಹಾಗೆ ಕೈ ಜೋಡಿಸಿ ತಲೆ ತಗ್ಗಿಸಿದ, ಕೃತಜ್ಞತೆ ಹೇಳಬೇಕೆಂದು ನಿಜವಾಗಿಯೂ ಮನಸ್ಸು ಮಾಡಿದ. ಕಣ್ಣು ಮುಚ್ಚಿದ. ಮುಚ್ಚಿದೊಡನೆ ಮೂರನೆಯ ತಿರುವು ಬಂತು, ಅಲ್ಲಿ ಎದುರಿಗೆ, ಬಹಳ ಹತ್ತಿರದಲ್ಲಿ, ನೀಲಿ ಕಾರಿನ ಹಿಂದಿನ ಬಂಪರು.